ಸಾಕು ಅಂದಾಗ ಬಿಡದ ಕೈ

ಮರಗಸಿಯವನ ಬಲಗೈಯ ಕಟ್ಟು ಬಿಚ್ಚಿದ ದಿನ ಅವನ ಮೊಣಕೈ ಬಾಗಿದ ಕಡೆಯೇ ನಿಂತುಬಿಟ್ಟಿತ್ತು. ನೆಟ್ಟಗೆ ಮಾಡು ಎಂದರೆ ಭುಜ ಮುಂದಕ್ಕೆ ಬರುತ್ತಿತ್ತು. ಬಾಯಿಗೆ ತಾ ಎಂದರೆ ಕತ್ತು ಬಗ್ಗುತ್ತಿತ್ತು. ಮೊಣಕೈ ಮಾತ್ರ ಅಲುಗುತ್ತಿರಲಿಲ್ಲ.

ಕಾಫಿ ಗಿಡಕ್ಕೆ ನೆರಳು ಬೇಕು, ಹೆಚ್ಚಾದರೆ ಕಾಯಿ ಉದುರುತ್ತದೆ. ಅದಕ್ಕೇ ಮಳೆಗಾಲಕ್ಕೆ ಮೊದಲು ಎತ್ತರದ ಮರಗಳನ್ನು ಹತ್ತಿ ಕೊಂಬೆ ಸವರಬೇಕು. ಆ ಕೆಲಸವನ್ನು ನಮ್ಮ ಕಡೆ ಮರಗಸಿ ಅನ್ನುತ್ತಾರೆ. ನಮ್ಮ ಎಸ್ಟೇಟಿನಲ್ಲಿ ಅವನಷ್ಟು ಮೇಲೆ ಹೋಗುವವರು ಇನ್ನೊಬ್ಬರಿರಲಿಲ್ಲ. ಕಾಫಿ ಹೂ ಅರಳಿಸುವ ಹೂಮಳೆಯಾದ ಹದಿನೈದು ದಿನಕ್ಕೆ ಒಂದು ಬಸರಿ ಮರದಿಂದ ಬಿದ್ದ. ಮೊಣಕೈಯ ಸ್ವಲ್ಪ ಮೇಲೆ ಮೂಳೆ ಮುರಿದಿತ್ತು. ಅವನ ಹೆಂಡತಿಯ ಕಡೆಯವರು ಕಳಸದ ಹತ್ತಿರದ ನಾಟಿ ವೈದ್ಯರಲ್ಲಿಗೆ ಕರೆದೊಯ್ದರು. ಆ ವೈದ್ಯರು ಮೊಟ್ಟೆಯ ಬಿಳಿಭಾಗಕ್ಕೆ ಉದ್ದಿನ ಹಿಟ್ಟು ಕಲಸಿ ಹಚ್ಚಿ, ಬಿದಿರಿನ ಪಟ್ಟಿ ಇಟ್ಟು ಕಟ್ಟಿದ್ದರು. ಮೂಳೆ ಚೆನ್ನಾಗಿಯೇ ಕೂಡಿತ್ತು. ಅದರಲ್ಲಿ ನಾನು ತಪ್ಪು ಹುಡುಕಲಾರೆ. ಆದರೆ ಆರು ವಾರ ಕಟ್ಟಿನೊಳಗಿದ್ದ ಕೀಲು ಬಿಗಿದುಹೋಗಿತ್ತು.

ಆಗ ನಾನು ಆ ಎಸ್ಟೇಟಿನ ಆಸ್ಪತ್ರೆಯಲ್ಲಿ ಡ್ರೆಸ್ಸರ್. ಆಸ್ಪತ್ರೆ ಅಂದರೆ ತಗಡಿನ ಮಾಡು, ನಾಲ್ಕು ಮಂಚ, ಔಷಧಿಯ ಒಂದು ಕಪಾಟು. ಮೂಡಿಗೆರೆಯಿಂದ ಡಾಕ್ಟರು ಹದಿನೈದು ದಿನಕ್ಕೊಮ್ಮೆ ಬರುತ್ತಿದ್ದರು. ಉಳಿದ ದಿನ ಜ್ವರಕ್ಕೆ ಕ್ವಿನೈನು, ಗಾಯಕ್ಕೆ ಪಟ್ಟಿ, ಎಲ್ಲ ನನ್ನದೇ. ಆದರೆ ನನಗೆ ನಿಜವಾಗಿ ಗೊತ್ತಿದ್ದ ಕೆಲಸ ಬೇರೆ. ದೊಡ್ಡ ಯುದ್ಧದ ಕಾಲದಲ್ಲಿ ಬೊಂಬಾಯಿಯ ಒಂದು ಮಿಲಿಟರಿ ಆಸ್ಪತ್ರೆಯಲ್ಲಿ ಎರಡು ವರ್ಷ ಆಳಾಗಿದ್ದೆ. ಹಡಗಿನಲ್ಲಿ ಬರುತ್ತಿದ್ದ ಗಾಯಾಳು ಸಿಪಾಯಿಗಳ ಕೈಕಾಲು ತಿಕ್ಕಿ, ಮಡಚಿ, ಮತ್ತೆ ಕೆಲಸಕ್ಕೆ ಬರುವಂತೆ ಮಾಡುವುದನ್ನು ಅಲ್ಲಿನ ಒಬ್ಬ ಮುದುಕ ಮಾಲೀಶಿನವರು ನನಗೆ ಕಲಿಸಿದ್ದರು. ಈ ಗುಡ್ಡಗಳಲ್ಲಿ ಆ ವಿದ್ಯೆ ಯಾರಿಗೂ ಬೇಕಾಗಿರಲಿಲ್ಲ. ಮರಗಸಿಯವನ ಮೊಣಕೈ ಕಂಡಾಗ ನನ್ನ ಕೈ ಜುಮ್ಮೆಂದಿತು. ಈಗ ಹೇಳಲು ನಾಚಿಕೆಯಾದರೂ ಆಗ ನನಗಾದದ್ದು ಸಂತೋಷವೇ.

ಮೊದಲ ದಿನವೇ ಕರಾರು ಮಾಡಿಕೊಂಡೆವು. ನೋವಾಗುತ್ತದೆ ಎಂದು ಹೇಳಿದೆ. ಅವನು ಎಷ್ಟು ಎಂದು ಕೇಳಿದ. ಮೂವತ್ತರ ಆಸುಪಾಸಿನವ, ಸಣಕಲು ಮೈ, ಮಾತು ಕಡಿಮೆ. ನಾನು ಹೇಳಿದೆ, "ಅದನ್ನ ನೀನೇ ಹೇಳ್ಬೇಕು ಮಾರಾಯ. ನೀನು ಸಾಕು ಅಂದ ಕೂಡ್ಲೆ ನಾನು ಕೈ ಬಿಡ್ತೀನಿ. ನಿನ್ನಾಣೆ."

ಬೆಳಗ್ಗೆ ಹಾಜರಿ ಮುಗಿದು ಆಳುಗಳೆಲ್ಲ ತೋಟಕ್ಕೆ ಹೋದ ಮೇಲೆ ಅವನು ಬರುತ್ತಿದ್ದ. ಫ್ಲಾನೆಲ್ ಬಟ್ಟೆಯನ್ನು ಬಿಸಿನೀರಿನಲ್ಲಿ ಅದ್ದಿ, ಹಿಂಡಿ, ಕೈಗೆ ಸುತ್ತಿ ಕಾಲು ಗಂಟೆ ಶಾಖ ಕೊಡುತ್ತಿದ್ದೆ. ಆಮೇಲೆ ಎಳ್ಳೆಣ್ಣೆ ಹಚ್ಚಿ ತೋಳನ್ನೂ ಮುಂಗೈಯನ್ನೂ ನೀವುತ್ತಿದ್ದೆ. ಕೀಲನ್ನು ತಿಕ್ಕಬಾರದು, ಅದರ ಮೇಲಿನ ಮತ್ತು ಕೆಳಗಿನ ಸ್ನಾಯು ಸಡಿಲವಾಗಬೇಕು. ಸಡಿಲವಾದ ಮೇಲೆ ಮುಂಗೈ ಹಿಡಿದು ನಿಧಾನವಾಗಿ ಚಾಚಿ, ಹತ್ತು ಎಣಿಸುವವರೆಗೆ ಹಾಗೆಯೇ ಹಿಡಿಯುವುದು. ಕೆಲವೊಮ್ಮೆ ಹತ್ತಕ್ಕೆ ಮುಟ್ಟುತ್ತಿದ್ದೆವು, ಕೆಲವೊಮ್ಮೆ ಆರಕ್ಕೇ ಅವನು ಸಾಕು ಅನ್ನುತ್ತಿದ್ದ. ನಾನು ಬಿಡುತ್ತಿದ್ದೆ. ಒಂದು ಹಲಗೆಗೆ ಕಪ್ಪು ಬಣ್ಣ ಬಳಿದು, ಅದರ ಮೇಲೆ ಅವನ ಕೈ ಮಲಗಿಸಿ, ಹೆಬ್ಬೆರಳು ಎಲ್ಲಿಗೆ ತಲುಪಿತೋ ಅಲ್ಲಿ ಸೀಮೆಸುಣ್ಣದಲ್ಲಿ ಗೆರೆ ಎಳೆಯುತ್ತಿದ್ದೆ. ಎರಡು ವಾರದಲ್ಲಿ ಗೆರೆ ನಾಲ್ಕು ಬೆರಳಿನಷ್ಟು ಮುಂದೆ ಹೋಯಿತು. ಅವನೂ ನನ್ನೊಡನೆ ಗೆರೆ ನೋಡಲು ಬಗ್ಗುತ್ತಿದ್ದ.

ಡಾಕ್ಟರು ಬಂದ ದಿನ ಹಲಗೆಯನ್ನು ಹೆಮ್ಮೆಯಿಂದ ತೋರಿಸಿದೆ. ಅವರಿಗೆ ಅದು ಸಾಲಲಿಲ್ಲ. ಹೀಗೇ ಹೋದರೆ ವರ್ಷವಾಗುತ್ತದೆ, ಒಳಗೆ ಅಂಟು ಕೂತಿದೆ, ಒಮ್ಮೆ ಬಲವಾಗಿ ಬಿಡಿಸಿದರೆ ಮುಗಿಯಿತು ಎಂದರು. ಅವರು ಕೆಟ್ಟವರಲ್ಲ. ಕಲಿತದ್ದು ಹಾಗೆ. ಜೊತೆಗೆ ಆಳುಗಳ ಕೆಲಸ ನೋಡಿಕೊಳ್ಳುವ ಮೇಸ್ತ್ರಿಯೂ ನಿಂತಿದ್ದ. ಕೆಲಸಕ್ಕೆ ಬರುವವರಿಗೆ ಮಾತ್ರ ಲೈನಿನಲ್ಲಿ, ಅಂದರೆ ಆಳುಗಳ ಮನೆಸಾಲಿನಲ್ಲಿ, ಮನೆ; ಇವನು ಯಾವಾಗ ಬರುತ್ತಾನೆ ಎಂದು ಮೇಸ್ತ್ರಿ ಎರಡು ಸಲ ಕೇಳಿಯಾಗಿತ್ತು.

ಡಾಕ್ಟರು ಭುಜ ಹಿಡಿದರು. ಮೇಸ್ತ್ರಿ ಅವನ ಇನ್ನೊಂದು ಕೈ ಹಿಡಿದ. ಚಾಚುವ ಕೆಲಸ ನನ್ನದು.

ಕೈ ಹಳೆಯ ಗೆರೆಗೆ ಮುಟ್ಟಿದಾಗ ಅವನು ಸಾಕು ಅಂದ. ನಾನು ಬಿಡಲಿಲ್ಲ. ಇನ್ನೊಮ್ಮೆ, ಸ್ವಲ್ಪ ಗಟ್ಟಿಯಾಗಿ, "ಅಯ್ಯಾ, ಸಾಕು" ಅಂದ. ಆಗಲೂ ಬಿಡಲಿಲ್ಲ. ಕೀಲಿನೊಳಗೆ ಹಸಿ ಕಡ್ಡಿ ಮುರಿದಂಥ ಸದ್ದಾಯಿತು. ಅವನು ಕೂಗಿದ ಕೂಗಿಗೆ ಹೊರಗೆ ಕ್ವಿನೈನಿಗಾಗಿ ಕಾಯುತ್ತಿದ್ದವರೆಲ್ಲ ಕಿಟಕಿಗೆ ಬಂದರು. ಮರದ ತುದಿಯಿಂದ ಬಿದ್ದಾಗಲೂ ಬಾಯಿ ಬಿಡದಿದ್ದವನು ಎಂದು ಹೆಸರಾಗಿದ್ದ ಮನುಷ್ಯ. ಕೆಳಗೆ ಪಂಚೆ ಒದ್ದೆಯಾಗಿತ್ತು. ಕಿಟಕಿಯಲ್ಲಿ ಯಾರೋ ಕಿಸಕ್ಕೆಂದು ನಕ್ಕರು.

ಕೈ ಎಷ್ಟೋ ಮುಂದೆ ಬಂದಿತ್ತು. ಡಾಕ್ಟರು ಭೇಷ್ ಎಂದರು. ಮರಗಸಿಯವನು ಎದ್ದು ಎಡಗೈಯಿಂದ ಪಂಚೆ ಒತ್ತಿಕೊಂಡು ನನ್ನ ಮುಖವನ್ನು ಒಂದು ಸಲ ನೋಡಿ ಹೊರಗೆ ಹೋದ. ಹಲಗೆಯ ಕಡೆ ನೋಡಲಿಲ್ಲ.

ಮರುದಿನ ಬರಲಿಲ್ಲ. ಅದರ ಮರುದಿನವೂ ಇಲ್ಲ. ನಾನು ನೀರು ಕಾಯಿಸಿ ಇಡುತ್ತಿದ್ದೆ, ಅದು ಆರುತ್ತಿತ್ತು, ಮತ್ತೆ ಕಾಯಿಸುತ್ತಿದ್ದೆ. ತೊಳೆದ ಶೀಷೆಗಳನ್ನೇ ಮತ್ತೆ ತೊಳೆದೆ. ಲೈನಿನಿಂದ ಬಂದವರ ಹತ್ತಿರ ಎರಡು ಸಲ ಹೇಳಿ ಕಳಿಸಿದೆ. ಉತ್ತರ ಬರಲಿಲ್ಲ. ಲೈನಿನ ಕೆಲವರು ಅವನ ಕೂಗನ್ನು ಅಣಕಿಸುತ್ತಿದ್ದಾರೆಂದು ಗಾಯಕ್ಕೆ ಪಟ್ಟಿ ಕಟ್ಟಿಸಿಕೊಳ್ಳಲು ಬಂದ ಒಬ್ಬಳು ಹೇಳಿದಳು. ಮಾಡಿದ ತಪ್ಪಿಗಿಂತ ಅವನು ಬಾರದಿದ್ದದ್ದೇ ನನಗೆ ಹೆಚ್ಚು ಸಿಟ್ಟು ತಂದಿತು. ಆ ಸಿಟ್ಟಿನಲ್ಲೇ ಮೇಸ್ತ್ರಿಗೆ ಹೇಳಿದೆ, ಆಸ್ಪತ್ರೆಗೆ ಬರುತ್ತಿಲ್ಲ, ಹೀಗಾದರೆ ಕೈ ಹೋಗುತ್ತದೆ ಎಂದು. ಅದು ಎರಡನೆಯ ತಪ್ಪು.

ನಾಲ್ಕನೆಯ ದಿನ ಮೇಸ್ತ್ರಿ ಅವನನ್ನು ಕರೆತಂದು ಬೆಂಚಿನ ಮೇಲೆ ಕೂರಿಸಿ ಬಾಗಿಲಲ್ಲಿ ನಿಂತ. ಮರಗಸಿಯವನು ಕೈಯನ್ನು ಹಲಗೆಯ ಮೇಲೆ ಇಟ್ಟ. ನಾನು ಬೆರಳು ತಾಗಿಸಿದ್ದೇ ತಡ, ತೋಳಿನ ಸ್ನಾಯುಗಳೆಲ್ಲ ಕಲ್ಲಾದವು. ಅವನು ಬೇಕೆಂದು ಮಾಡಿದ್ದಲ್ಲ. ಮುಖದಲ್ಲಿ ಏನೂ ಇರಲಿಲ್ಲ, ಗೋಡೆ ನೋಡುತ್ತ ಕೂತಿದ್ದ. ಸಡಿಲ ಬಿಡು ಎಂದೆ. "ಬಿಟ್ಟಿದೀನಿ" ಎಂದ. ಕೈ ಮಾತ್ರ ನನ್ನನ್ನು ಒಳಗೆ ಬಿಡಲಿಲ್ಲ. ಹೆಬ್ಬೆರಳು ಮೊದಲ ದಿನದ ಗೆರೆಗಿಂತ ಎರಡು ಬೆರಳು ಹಿಂದೆಯೇ ನಿಂತಿತು. ಮೊಣಕೈಯ ಮುಂಭಾಗ ಊದಿ ಬಿಸಿಯಾಗಿತ್ತು. ಒತ್ತಿ ನೋಡಿದರೆ ಮಾಂಸದೊಳಗೆ ಗಟ್ಟಿಯಾದದ್ದೇನೋ ಸಿಕ್ಕಿತು.

ಅದು ಬೆರಳಿಗೆ ಸಿಕ್ಕಿದ ಕ್ಷಣ ನನಗೆ ಬೊಂಬಾಯಿಯ ಮುದುಕರು ನೆನಪಾದರು. ಮೊಣಕೈ ಬೇರೆ ಕೀಲಿನಂತಲ್ಲ ಎಂದು ಅವರು ಮತ್ತೆ ಮತ್ತೆ ಹೇಳುತ್ತಿದ್ದರು. ಭುಜವನ್ನೋ ಮಂಡಿಯನ್ನೋ ಸ್ವಲ್ಪ ಜಬರದಸ್ತಿ ಮಾಡಿದರೆ ಸಹಿಸುತ್ತದೆ. ಮೊಣಕೈ ಸಹಿಸುವುದಿಲ್ಲ. ಎಳೆದರೆ ಒಳಗೆ ರಕ್ತ ಕಟ್ಟುತ್ತದೆ, ಆ ರಕ್ತ ಮಾಂಸದಲ್ಲೇ ಮೂಳೆಯಾಗುತ್ತದೆ. ಒಬ್ಬ ಸಿಪಾಯಿಯನ್ನು ತೋರಿಸಿದ್ದರು ಕೂಡ. ದಿನವೂ ಎಳೆದೂ ಎಳೆದೂ ಅವನ ಕೈ ಬಾಗಿಲಿನ ಅಗುಳಿಯ ಹಾಗೆ ಬಿಗಿದುಹೋಗಿತ್ತು. ಇದು ನನಗೆ ಗೊತ್ತಿತ್ತು. ಡಾಕ್ಟರು ಬಲವಾಗಿ ಬಿಡಿಸೋಣ ಎಂದಾಗಲೂ ಗೊತ್ತಿತ್ತು.

ಮೇಸ್ತ್ರಿಯನ್ನು ಕಳಿಸಿಬಿಟ್ಟೆ. ಕೈಗೆ ತೂಗುಪಟ್ಟಿ ಕಟ್ಟಿ, ಇನ್ನು ಕೆಲವು ದಿನ ಏನೂ ಮಾಡುವುದು ಬೇಡ, ಊತ ಇಳಿಯಲಿ ಎಂದು ಮರಗಸಿಯವನಿಗೆ ಹೇಳಿದೆ. ಊತ ನೋಡಲು ನಾಳೆ ಬಾ ಎಂದದ್ದಕ್ಕೆ ತಲೆಯನ್ನೂ ಆಡಿಸದೆ ಹೊರಟುಹೋದ.

ಭಾನುವಾರ ಲೈನಿಗೆ ಹೋದೆ. ಡ್ರೆಸ್ಸರ್ ಲೈನಿಗೆ ಬಂದನೆಂದರೆ ಯಾರಿಗೋ ಕಾಯಿಲೆ ಜೋರಾಗಿದೆ ಎಂದೇ ಅರ್ಥ, ಹಾಗಾಗಿ ಬಾಗಿಲುಗಳಲ್ಲಿ ತಲೆಗಳು ಕಂಡವು. ಮರಗಸಿಯವನು ಜಗಲಿಯ ಮೇಲೆ ಕೂತಿದ್ದ. ಹೆಂಡತಿ ಪಕ್ಕದಲ್ಲಿ ಎಳೆ ಬಿದಿರಿನ ಕಳಲೆ ಹೆಚ್ಚುತ್ತಿದ್ದಳು. ನಾನು ಒಂದು ಪೊಟ್ಟಣ ಹೊಗೆಸೊಪ್ಪು ತಂದಿದ್ದೆ. ಅದನ್ನು ಜಗಲಿಯ ಮೇಲಿಟ್ಟು, ಅವತ್ತು ಆದದ್ದಕ್ಕೆ ನನಗೂ ಬೇಜಾರಾಗಿದೆ, ಡಾಕ್ಟರು ನಿಂತಿರುವಾಗ ನಾನೇನು ಮಾಡಲಾಗುತ್ತಿತ್ತು, ಅವರು ಹೇಳಿದ್ದನ್ನು ಮಾಡಲೇಬೇಕಲ್ಲ ಎಂದೆ.

ಹೆಂಡತಿ ಕತ್ತಿ ನಿಲ್ಲಿಸದೆ, ತಲೆ ಎತ್ತದೆ ಹೇಳಿದಳು. "ಸಾಕು ಅಂದ್ರೆ ಬಿಡ್ತೀನಿ ಅಂತ ಆಣೆ ಹಾಕಿದ್ದು ಡಾಕ್ಟ್ರಲ್ಲ ಅಯ್ಯ. ನೀವು."

ನಾನು ಇನ್ನೇನೋ ಹೇಳಲು ಹೋದೆ. ಅವಳು ಹೊಗೆಸೊಪ್ಪಿನ ಪೊಟ್ಟಣವನ್ನು ಎತ್ತಿ ನನ್ನ ಪಕ್ಕಕ್ಕೆ ಸರಿಸಿದಳು. ಎದ್ದು ಬಂದೆ.

ಅದಾದ ನಾಲ್ಕೈದು ದಿನ ನನಗೆ ಒಂದು ಕಡೆ ಕೂರಲಾಗಲಿಲ್ಲ. ಊಟಕ್ಕೆ ಕೂತರೆ ಅರ್ಧಕ್ಕೆ ಏಳುತ್ತಿದ್ದೆ. ಆಸ್ಪತ್ರೆಯಿಂದ ಕಣದವರೆಗೆ, ಕಣದಿಂದ ಹಳ್ಳದವರೆಗೆ ನಡೆಯುತ್ತಿದ್ದೆ, ಹೋದ ಕಡೆ ಕೆಲಸವೇನೂ ಇರುತ್ತಿರಲಿಲ್ಲ. ಜಿಗಣೆ ಕಚ್ಚಿದ ಕಾಲಿನಲ್ಲೇ ವಾಪಸು ಬರುತ್ತಿದ್ದೆ. ಅವಳ ಮಾತಿಗೆ ಉತ್ತರ ಹುಡುಕುತ್ತಿದ್ದೆ. ಡಾಕ್ಟರ ಹತ್ತಿರ ಇಲ್ಲ ಅನ್ನಬಹುದಿತ್ತು. ಅವರು ಬೈಯುತ್ತಿದ್ದರು, ಅಷ್ಟೇ. ಹಿಂದೆ ಎರಡು ಸಲ ಇಲ್ಲ ಅಂದದ್ದೂ ಇತ್ತು. ಹಾಗಾದರೆ ಆ ದಿನ ಯಾಕೆ ಅನ್ನಲಿಲ್ಲ? ಹೆದರಿಕೆ ಎಂದು ನನಗೆ ನಾನೇ ಹೇಳಿಕೊಂಡಿದ್ದೆ. ಹಳ್ಳದ ಹತ್ತಿರ ನಿಂತಾಗ ಒಮ್ಮೆ ಆ ಹೊತ್ತು ಮತ್ತೆ ಕಣ್ಣಿಗೆ ಕಟ್ಟಿತು. ಅವನು ಸಾಕು ಅಂದಾಗ ನಾನು ಅವನ ಮುಖ ನೋಡುತ್ತಿರಲಿಲ್ಲ, ಡಾಕ್ಟರ ಮುಖ ನೋಡುತ್ತಿದ್ದೆ. ಅವರು ನನ್ನ ಕೈಗಳನ್ನು ನೋಡುತ್ತಿದ್ದರು. ಎಷ್ಟೋ ವರ್ಷಗಳ ಮೇಲೆ ಯಾರೋ ತಿಳಿದವರು ನನ್ನ ಕೈಗಳನ್ನು ನೋಡುತ್ತಿದ್ದರು. ಇವನಿಗೆ ವಿದ್ಯೆ ಗೊತ್ತಿದೆ ಎಂದು ಅವರಿಗೆ ಕಾಣಿಸಬೇಕಾಗಿತ್ತು. ಬಿಟ್ಟರೆ ಅದು ಕಾಣುತ್ತಿರಲಿಲ್ಲ.

ಆ ದಿನವೇ ಡಾಕ್ಟರಿಗೆ ಕಾಗದ ಬರೆದೆ. ಕೈ ಊದಿದೆ, ಮಾಂಸದಲ್ಲಿ ಗಂಟು ಸಿಕ್ಕುತ್ತದೆ, ಮೂಳೆ ಬೆಳೆಯುವ ಲಕ್ಷಣವಿರಬಹುದು, ಆದ್ದರಿಂದ ಈ ಕೈಯನ್ನು ನಾನು ಇನ್ನು ಎಳೆಯುವುದಿಲ್ಲ, ತಾವು ಹೇಳಿದರೂ ಎಳೆಯಲಾರೆ, ಕ್ಷಮಿಸಬೇಕು ಎಂದು. ಕೊನೆಯ ಸಾಲನ್ನು ಮೂರು ಸಲ ಹೊಡೆದುಹಾಕಿ ಮೂರು ಸಲ ಬರೆದೆ. ಮೂಡಿಗೆರೆಗೆ ಹೋಗುವ ಗಾಡಿಯವನ ಕೈಯಲ್ಲಿ ಕೊಟ್ಟು, ಅದೇ ಕಾಲಿನಲ್ಲಿ ಲೈನಿಗೆ ಹೋದೆ.

ಈ ಸಲ ಕೈಯಲ್ಲಿ ಏನೂ ಇರಲಿಲ್ಲ. ಕೆಲಸ ಬಿಟ್ಟು ಬಂದ ಜನ ಅಕ್ಕಪಕ್ಕದ ಜಗಲಿಗಳಲ್ಲಿ ಇದ್ದರು. ಕಿಟಕಿಯಲ್ಲಿ ನಕ್ಕವರೂ ಅವರಲ್ಲಿ ಇದ್ದಿರಬೇಕು. ಒಳಗೆ ಹೋಗಿ ಮಾತಾಡೋಣವೇ ಎಂದು ಒಂದು ಕ್ಷಣ ಯೋಚಿಸಿದೆ. ಅವನ ಮಾನ ಹೋದದ್ದು ನಾಲ್ಕು ಜನರ ಎದುರಿಗೆ. ಜಗಲಿಯ ಕೆಳಗೇ ನಿಂತೆ.

"ನೀನು ಎರಡು ಸಲ ಸಾಕು ಅಂದೆ. ಎರಡು ಸಲನೂ ನಂಗೆ ಕೇಳ್ತು. ಡಾಕ್ಟ್ರು ಹೇಳಿದ್ರು ಅಂತ ಎಳೆದದ್ದಲ್ಲ. ನಂಗೆ ಕೆಲಸ ಬರುತ್ತೆ ಅಂತ ಅವರಿಗೆ ತೋರ್ಸಬೇಕಿತ್ತು, ಅದಕ್ಕೆ ಬಿಡ್ಲಿಲ್ಲ. ಆಮೇಲೆ ಮೇಸ್ತ್ರಿಗೆ ಹೇಳಿ ನಿನ್ನ ಎಳೆದು ತರ್ಸಿದ್ದೂ ನಾನೇ. ಆ ಎಳೆತಕ್ಕೇ ಕೈ ಊದಿರೋದು. ಅಂಥ ನೋವಿಗೆ ಮಿಲಿಟರಿ ಸಿಪಾಯಿಗಳೂ ಕೂಗಿದ್ದನ್ನ ನಾನು ನೋಡಿದೀನಿ."

ಅವನು ತೂಗುಪಟ್ಟಿಯ ಗಂಟನ್ನು ಎಡಗೈಯಲ್ಲಿ ತಿರುಗಿಸುತ್ತಿದ್ದ.

"ಕೈ ಸರಿ ಆಗ್ತದಾ?" ಎಂದ.

"ಪೂರ್ತಿ ಆಗುತ್ತೆ ಅಂತ ಹೇಳಲಾರೆ. ಊತ ಇಳಿದ ಮೇಲೆ ನೋಡ್ಬೇಕು. ಇನ್ನು ಎಳೆದ್ರೆ ಖಂಡಿತ ಆಗಲ್ಲ."

ಅವನು ತೂಗುಪಟ್ಟಿಯ ಗಂಟು ಬಿಟ್ಟು, "ನಾಳೆ ಬತ್ತೀನಿ. ಮುಟ್ಬೇಡಿ" ಎಂದ.

ಬಂದ. ಬೆಂಚಿನ ಮೇಲೆ ಕೂರದೆ ಬಾಗಿಲ ಹತ್ತಿರದ ಸ್ಟೂಲಿನ ಮೇಲೆ ಕೂತ. ನಾನು ಮೇಜಿನ ಆಚೆ ಕೂತೆ. ಊತ ಇಳಿಯುವವರೆಗೆ ಆ ಮೊಣಕೈಯನ್ನು ಮುಟ್ಟಬಾರದೆಂಬುದು ನನ್ನ ವಿದ್ಯೆಯ ಲೆಕ್ಕದಲ್ಲೂ ಸರಿಯಾಗಿತ್ತು. ಆದರೆ ಅವನು ಬೇಡವೆಂದದ್ದರಿಂದ ನಾನು ಮುಟ್ಟುತ್ತಿಲ್ಲ ಎಂಬುದು ಅವನಿಗೆ ಗೊತ್ತಾಗಬೇಕಿತ್ತು, ಅದಕ್ಕಾಗಿ ವಿದ್ಯೆಯ ಮಾತು ಎತ್ತಲಿಲ್ಲ. ಊತ ಇಳಿಯುತ್ತ ಬಂದಂತೆ ನನ್ನ ಕೈಯನ್ನೇ ಮೇಜಿನ ಮೇಲಿಟ್ಟು ಬೆರಳು ಮಡಚಿ ಬಿಡಿಸಿದೆ, ಮಣಿಕಟ್ಟು ತಿರುಗಿಸಿದೆ, ಮೊಣಕೈಯನ್ನು ನೋವಾಗದಷ್ಟು ಚಾಚಿ ಹಿಂದಕ್ಕೆ ತಂದೆ. ಅವನು ನೋಡಿ ಅದನ್ನೇ ಮಾಡಿದ. ಎರಡು ಸಲ ಮಾಡಿ, "ಸಾಕು" ಎಂದು ಎದ್ದು ಹೋದ.

ಮರುದಿನ ಒಂದೇ ಸಲ. ಅದರ ಮರುದಿನ ಕೈಯನ್ನು ತೂಗುಪಟ್ಟಿಯಿಂದ ಹೊರಗೆ ತೆಗೆಯುವ ಮೊದಲೇ ಸಾಕು ಎಂದ. ನಾನು ಆಗಲಿ ಎಂದೆ. ಅವನು ನನ್ನನ್ನು ಪರೀಕ್ಷಿಸುತ್ತಿದ್ದಾನೆಂದು ಗೊತ್ತಿತ್ತು. ಗೊತ್ತಿದ್ದರೂ ಮೈ ಕುದಿಯುತ್ತಿತ್ತು. ದಿನ ಹೋಗುತ್ತಿತ್ತು. ಮೇಸ್ತ್ರಿ ದಿನವೂ ಆಸ್ಪತ್ರೆಯ ಮುಂದೆ ಹಾದು ಹೋಗುವಾಗ ನಿಂತು ಕೆಮ್ಮುತ್ತಿದ್ದ. ಡಾಕ್ಟರಿಂದ ಕಾಗದಕ್ಕೆ ಉತ್ತರ ಬಂದಿರಲಿಲ್ಲ. ಇವನೋ ಬಂದು, ಕೂತು, ಒಂದು ಮಾತು ಹೇಳಿ ಹೋಗುತ್ತಿದ್ದ. ಅವನು ಹೋದ ಮೇಲೆ ಬಾಗಿಲು ಹಾಕಿಕೊಂಡು ಮೇಜನ್ನು ಗುದ್ದಿದ್ದೂ ಇದೆ. ಇನ್ನೊಂದು ಸಲ ಮಾಡು ಎಂಬ ಮಾತು ಎಷ್ಟೋ ಸಲ ನಾಲಿಗೆಯ ತುದಿಗೆ ಬಂದಿತು. ನುಂಗಿಕೊಂಡೆ.

ಎಂಟನೆಯ ದಿನವೋ ಒಂಬತ್ತನೆಯ ದಿನವೋ, ಊತ ಬಹಳ ಇಳಿದಿತ್ತು. ಅವನು ಸ್ಟೂಲಿನಿಂದ ಎದ್ದು ಬಂದು ಬೆಂಚಿನ ಮೇಲೆ ಕೂತು, "ಮುಂಗೈ ಸೆಳೀತಾ ಇದೆ. ಎಣ್ಣೆ ಹಚ್ಚಿ" ಎಂದ.

ಎಳ್ಳೆಣ್ಣೆ ಬೆಚ್ಚಗೆ ಮಾಡಿ ಮಣಿಕಟ್ಟಿನಿಂದ ಮೇಲಕ್ಕೆ ನೀವತೊಡಗಿದೆ. ಮೊದಲ ಸಲ ನೀವುತ್ತ ಅರ್ಧಕ್ಕೆ ಬಂದಾಗ ಸಾಕು ಅಂದ. ಎರಡೂ ಕೈ ಎತ್ತಿದೆ. ಸ್ವಲ್ಪ ತಡೆದು ಹೂಂ ಎಂದ. ಮತ್ತೆ ಶುರು ಮಾಡಿದೆ. ಮತ್ತೆ ಸಾಕು. ಆ ದಿನ ಹೀಗೆ ಎಷ್ಟು ಸಲ ಆಯಿತೋ ತಿಳಿಯದು. ಕೊನೆಗೆ ಅವನ ತೋಳಿನ ಸ್ನಾಯು ನನ್ನ ಬೆರಳಿನ ಕೆಳಗೆ ಒಂದೆರಡು ಉಸಿರಿನಷ್ಟು ಹೊತ್ತು ಮೆತ್ತಗಾಗಿತ್ತು. ನಾನು ಅದನ್ನು ಹೇಳಲಿಲ್ಲ, ಗೆರೆಯನ್ನೂ ಎಳೆಯಲಿಲ್ಲ.

ಇನ್ನು ಸರಿಹೋಯಿತು ಅಂದುಕೊಳ್ಳುವಷ್ಟರಲ್ಲಿ ಮತ್ತೆ ಎಡವಿದೆ. ಆಷಾಢದ ಮಳೆ ತಗಡಿನ ಮೇಲೆ ಹೊಡೆಯುತ್ತಿತ್ತು, ಪಕ್ಕದಲ್ಲಿ ಕೂತವರ ಮಾತೂ ಕೇಳದಷ್ಟು. ನಾನು ತೋಳು ನೀವುತ್ತಿದ್ದವನು ಇದ್ದಕ್ಕಿದ್ದಂತೆ ಅವನು ಕೈ ಕಿತ್ತುಕೊಂಡದ್ದನ್ನು ಕಂಡೆ. ಅವನು ಎದ್ದು ನಿಂತಿದ್ದ. ಸಾಕು ಎಂದು ಆಗಲೇ ಹೇಳಿದ್ದನಂತೆ. ಮಳೆಯ ಸದ್ದಿಗೆ ಕೇಳಲಿಲ್ಲ ಎಂಬುದು ನಿಜವೇ ಆಗಿತ್ತು. ಆದರೆ ಡಾಕ್ಟರು ಹೇಳಿದರು ಎಂದದ್ದೂ ನಿಜವೇ ಆಗಿತ್ತಲ್ಲ.

"ನಂಗೆ ಕೇಳ್ಲಿಲ್ಲ. ನಿನ್ನ ಮುಖ ನೋಡ್ತಾ ಇರ್ಬೇಕಿತ್ತು, ನೋಡ್ಲಿಲ್ಲ. ತಪ್ಪಾಯ್ತು" ಎಂದೆ. "ಮಳೇಲಿ ಕೇಳೋ ಹಾಗೆ ಏನು ಮಾಡೋಣ, ನೀನೇ ಹೇಳು."

ಅವನು ನಿಂತೇ ಇದ್ದ. ಹೋಗಿಬಿಡುತ್ತಾನೆ ಅಂದುಕೊಂಡೆ. ಆಮೇಲೆ ಎಡಗೈಯ ಗೆಣ್ಣಿನಿಂದ ಹಲಗೆಯನ್ನು ಟಕ್ ಎಂದು ಕುಟ್ಟಿದ. ಕೇಳುತ್ತದೆಯೇ ಎಂದು ನನ್ನನ್ನು ನೋಡಿದ. ಮಳೆಯ ನಡುವೆಯೂ ಕೇಳಿತು. ಮರದ ಮೇಲಿದ್ದಾಗ ಕೆಳಗಿನವರಿಗೆ ಕೂಗಿದರೆ ಗಾಳಿಗೆ ಹಾರಿಹೋಗುತ್ತದೆ, ಅದಕ್ಕೆ ಕತ್ತಿಯ ಹಿಂಬದಿಯಿಂದ ಕಾಂಡವನ್ನು ಕುಟ್ಟುತ್ತೇವೆ ಎಂದ. ತನ್ನ ಕೆಲಸದ ಬಗ್ಗೆ ಅವನು ನನಗೆ ತಾನಾಗಿ ಹೇಳಿದ ಮೊದಲ ಮಾತು ಅದು. ಕೂತ.

ಡಾಕ್ಟರು ಬಂದರು. ಮಳೆಗೆ ದಾರಿ ಕೆಟ್ಟು ಒಂದು ಸರದಿ ತಪ್ಪಿತ್ತು. ನನ್ನ ಕಾಗದವನ್ನು ಜೇಬಿನಿಂದ ತೆಗೆದು ಮೇಜಿನ ಮೇಲಿಟ್ಟು, ಇದನ್ನು ಬರೆಯಲು ನಿನಗೆ ಯಾರು ಕಲಿಸಿದರು ಎಂದು ಕೇಳಿದರು. ಬೊಂಬಾಯಿಯ ಸಂಗತಿ ಹೇಳಿದೆ. ಡ್ರೆಸ್ಸರುಗಳು ಡಾಕ್ಟರಿಗೆ ಪಾಠ ಹೇಳುವ ಕಾಲ ಬಂತು ಎಂದರು. ಮರಗಸಿಯವನು ಬೆಂಚಿನ ಮೇಲೆ ಕೂತು ಎಲ್ಲವನ್ನೂ ಕೇಳುತ್ತಿದ್ದ. ಡಾಕ್ಟರು ಅವನ ಕೈ ಹಿಡಿಯಲು ಮುಂದಾದಾಗ ನಾನು ಅಡ್ಡ ಬಂದೆ. "ನೋವಾದ್ರೆ ಅವನು ಹಲಗೆ ಕುಟ್ತಾನೆ ಸಾರ್. ಆಗ ಬಿಡ್ಬೇಕು." ಇವತ್ತಿಗೆ ನನ್ನ ಕೆಲಸ ಹೋಯಿತು ಎಂದೇ ಅಂದುಕೊಂಡೆ.

ಡಾಕ್ಟರು ನನ್ನನ್ನು ನೋಡಿದರು, ಅವನನ್ನು ನೋಡಿದರು. ಮೊಣಕೈಯ ಮುಂಭಾಗವನ್ನು ಎರಡೇ ಬೆರಳಿನಿಂದ ಒತ್ತಿದರು. ಗಂಟು ಚಿಕ್ಕದಾಗಿತ್ತು, ಆದರೆ ಇತ್ತು. ಅವರ ಬೆರಳು ಅಲ್ಲೇ ನಿಂತಿತು. ಆಮೇಲೆ ಕೈ ಹಿಂದಕ್ಕೆ ತೆಗೆದುಕೊಂಡು, ತಾನಾಗಿ ಎಷ್ಟು ಚಾಚಬಲ್ಲನೋ ತೋರಿಸಲಿ ಎಂದರು. ಅವನು ಚಾಚಿದ. ಅವತ್ತು ಎಳೆದು ತಂದ ಕಡೆಗೆ ಇನ್ನೂ ಮುಟ್ಟಿರಲಿಲ್ಲ, ಹಳೆಯ ನಾಲ್ಕು ಬೆರಳಿನ ಗೆರೆಯನ್ನು ಮಾತ್ರ ದಾಟಿತ್ತು. ಆ ದಿನ ಎಳೆದದ್ದರ ಮಾತನ್ನು ಡಾಕ್ಟರು ಎತ್ತಲೇ ಇಲ್ಲ. ಕೈ ತೊಳೆದುಕೊಳ್ಳುತ್ತ, ಹೀಗೇ ನಡೆಯಲಿ ಎಂದರು. ಮೇಸ್ತ್ರಿಯನ್ನು ಕರೆಸಿ, ಇವನಿಗೆ ಮರದ ಕೆಲಸ ಬೇಡ, ನರ್ಸರಿಯಲ್ಲಿ ಕಾಫಿ ಸಸಿ ನೋಡಿಕೊಳ್ಳಲಿ, ಮನೆ ಬಿಡಿಸುವ ಮಾತು ಬೇಡ ಎಂದು ಚೀಟಿ ಬರೆದು ಕೊಟ್ಟರು. ನನ್ನ ಕಾಗದವನ್ನು ಮತ್ತೆ ಜೇಬಿಗೆ ಹಾಕಿಕೊಂಡರು.

ಮಳೆಗಾಲ ಪೂರ್ತಿ ಅವನು ಬೆಳಗ್ಗೆ ಬಂದ. ಎಳೆಯುವ ಕೆಲಸ ಇಲ್ಲವೇ ಇಲ್ಲ. ಶಾಖ, ಎಣ್ಣೆ, ಆಮೇಲೆ ಅವನೇ ಆಡಿಸುವುದು. ಗೆರೆ ಎಳೆಯುವುದನ್ನೂ ಅವನಿಗೇ ಬಿಟ್ಟೆ. ಕೆಲವು ವಾರ ಗೆರೆ ಇದ್ದಲ್ಲೇ ಇರುತ್ತಿತ್ತು. ಅವನು ಸೀಮೆಸುಣ್ಣ ಕೆಳಗಿಟ್ಟು ಮಾತಿಲ್ಲದೆ ಹೋಗುತ್ತಿದ್ದ. ನಾನು ಆ ದಿನಗಳಲ್ಲಿ ಹಳ್ಳದ ಕಡೆ ನಡೆಯುತ್ತಿದ್ದೆ. ದಸರೆ ಹೊತ್ತಿಗೆ ಬಲಗೈಯಲ್ಲಿ ತುತ್ತು ಬಾಯಿಗೆ ಹೋಯಿತು. ಅದನ್ನು ಅವನು ಹೇಳಲಿಲ್ಲ, ಅವನ ಹೆಂಡತಿ ಜ್ವರದ ಔಷಧಿಗೆ ಬಂದವಳು ಹೇಳಿದಳು. ಕಾಫಿ ಹಣ್ಣು ಕುಯ್ಯುವ ಕಾಲಕ್ಕೆ ತಲೆಯ ಮೇಲೆ ಮುಂಡಾಸು ಸುತ್ತಿಕೊಳ್ಳುವಷ್ಟಾಯಿತು. ಪೂರ್ತಿ ನೆಟ್ಟಗೆ ಮಾತ್ರ ಆಗಲೇ ಇಲ್ಲ. ಕೊನೆಯ ನಾಲ್ಕು ಬೆರಳಿನಷ್ಟು ಜಾಗ ಹಾಗೆಯೇ ಉಳಿಯಿತು. ಆ ದಿನ ನಾನು ಕೈ ಬಿಟ್ಟಿದ್ದರೆ ಅದೂ ಬರುತ್ತಿತ್ತೋ ಏನೋ. ಬರುತ್ತಿತ್ತು ಎಂದೇ ನನಗೆ ಅನ್ನಿಸುತ್ತದೆ. ಅವನಿಗೂ ಅದನ್ನು ಹೇಳಿದ್ದೇನೆ.

ಮುಂದಿನ ವರ್ಷ ಮರಗಸಿ ಶುರುವಾದಾಗ ಅವನು ನನ್ನನ್ನು ಕೇಳದೆ ಮರ ಹತ್ತಿದ. ಆಸ್ಪತ್ರೆಗೆ ಬಂದವರ ಬಾಯಿಂದ ಸುದ್ದಿ ತಿಳಿದು, ಕೈಯಲ್ಲಿದ್ದ ಪಟ್ಟಿಯನ್ನು ಹಾಗೇ ಹಿಡಿದು ಗುಡ್ಡ ಹತ್ತಿದೆ. ದೊಡ್ಡ ಮರಗಳನ್ನು ಬಿಟ್ಟು ನಡುವಿನ ಎತ್ತರದ ಹಾಲವಾಣ ಮರದಲ್ಲಿದ್ದ. ಬಲಗೈಯನ್ನು ಕೊಂಬೆಗೆ ಬಳಸಿ ಎಡಗೈಯಲ್ಲಿ ಕತ್ತಿ ಬೀಸುತ್ತಿದ್ದ, ಎಡಗೈಯಲ್ಲಿ ಬೀಸುವುದನ್ನು ಯಾವಾಗ ಕಲಿತನೋ ತಿಳಿಯದು. ಕೆಳಗೆ ನಿಂತು ನೋಡುವುದೇ ನನಗೆ ಶಿಕ್ಷೆಯಾಯಿತು. ಇಳಿದು ಬಂದು ನೀರು ಕುಡಿದ. ಬೈಯಬೇಕೆಂದು ಬಂದವನು ಬೈಯಲಿಲ್ಲ. ಒಂದು ವರ್ಷದಿಂದ ಮನಸ್ಸಿನಲ್ಲಿದ್ದ ಮಾತು ಕೇಳಿದೆ. ನನ್ನ ಮೇಲೆ ಮತ್ತೆ ನಂಬಿಕೆ ಬಂದದ್ದು ಯಾವತ್ತು? ಜಗಲಿಯ ಮುಂದೆ ನಿಂತು ತಪ್ಪೊಪ್ಪಿಕೊಂಡ ದಿನವೋ, ಡಾಕ್ಟರಿಗೆ ಅಡ್ಡ ನಿಂತ ದಿನವೋ?

ಅವನು ಸ್ವಲ್ಪ ಯೋಚಿಸಿದ. ನನಗೆ ಬೇಸರವಾಗಬಾರದೆಂದು ಯೋಚಿಸಿದ್ದಿರಬೇಕು.

"ನಂಬಿ ಬಂದದ್ದಲ್ಲ ಅಯ್ಯ. ಮರದ ಮೇಲೆ ನಾವು ಕೊಂಬೆನ ನಂಬ್ತೀವಾ? ನಿನ್ನೆ ನಿಂತಿದ್ದೆ ಅಂತ ಇವತ್ತು ಕಾಲಿಡಲ್ಲ. ಪ್ರತಿ ಸಲ ತುಳಿದು ನೋಡಿಯೇ ಭಾರ ಬಿಡೋದು. ನಿಮ್ಮ ಹತ್ರನೂ ಹಂಗೆ. ಇವತ್ತಿಗೂ ಹಂಗೆ."

ಕತ್ತಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಮುಂದಿನ ಮರದ ಬುಡಕ್ಕೆ ಹೋದ. ನಾನು ಪಟ್ಟಿಯನ್ನು ಸುತ್ತಿಕೊಳ್ಳುತ್ತ ಗುಡ್ಡ ಇಳಿದೆ. ಆಸ್ಪತ್ರೆಯ ಜಗಲಿಯಲ್ಲಿ ಐದಾರು ಮಂದಿ ಕಾಯುತ್ತಿದ್ದರು. ಕಾಲು ಉಳುಕಿದ ಒಬ್ಬ ಹೆಂಗಸನ್ನು ಮೊದಲು ಒಳಗೆ ಕರೆದೆ.